ನಿಮಗಿದು ಗೊತ್ತೇ? ವಿದ್ಯುತ್ ಗದ್ದಲದ ನಡುವೆ ಸೆನ್ಸರಿನ ಮಾತು

ಪೀಣ್ಯ, ಯಶವಂತಪುರ, ಯಲಹಂಕದ ಕಾರ್ಖಾನೆಗಳಲ್ಲಿ ಕಿವಿಗೆ ಬೀಳುವ ಸದ್ದು ಒಂದು, ಕಿವಿಗೆ ಬೀಳದೆ ತಂತಿಗಳಲ್ಲಿ ಓಡಾಡುವ ವಿದ್ಯುತ್ ಗದ್ದಲ ಇನ್ನೊಂದು. ಸೆನ್ಸರ್ ಎಷ್ಟೇ ಬೆಲೆಯದಾಗಿರಲಿ, ಈ ಗದ್ದಲದಲ್ಲಿ ಅದರ ಮಾತು ಯಂತ್ರವನ್ನು ನಡೆಸುವ ಕಂಪ್ಯೂಟರಾದ ಪಿಎಲ್‌ಸಿಗೆ ತಪ್ಪಿಲ್ಲದೆ ಮುಟ್ಟದಿದ್ದರೆ ಹಾಕಿದ ಹಣ ದಂಡ. ಆ ಮಾತಿನ ಕಟ್ಟುಪಾಡೇ ಪ್ರೋಟೊಕಾಲ್. ಅದನ್ನು ಆರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಗದ್ದಲ ಹುಟ್ಟುವುದು ಎಲ್ಲಿ?

● ಯಲಹಂಕದ ರೈಲು ಗಾಲಿ ಕಾರ್ಖಾನೆ ಉದ್ಘಾಟನೆಯಾದದ್ದು 1984ರಲ್ಲಿ. ಗುಜರಿ ಉಕ್ಕನ್ನು ವಿದ್ಯುತ್ ಆರ್ಕ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸಿ ಅಲ್ಲಿ ರೈಲಿನ ಗಾಲಿ ಎರಕ ಹೊಯ್ಯುತ್ತಾರೆ.

● ಇಂಥ ಕುಲುಮೆಗಳ ಎಲೆಕ್ಟ್ರೋಡುಗಳಲ್ಲಿ ಹರಿಯುವ ಕರೆಂಟ್ ಹತ್ತಾರು ಸಾವಿರ ಆಂಪಿಯರ್. ಕರಗುವಾಗ ಗುಜರಿ ಕುಸಿದಂತೆಲ್ಲ ಆರ್ಕ್ ಉದ್ದವಾಗುತ್ತದೆ, ಕಡಿಯುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಕರೆಂಟ್ ಹೀಗೆ ಜಿಗಿದಾಗಲೆಲ್ಲ ಸುತ್ತಲಿನ ಕಾಂತಕ್ಷೇತ್ರವೂ ಜಿಗಿಯುತ್ತದೆ, ಹತ್ತಿರದ ಪ್ರತಿ ಕೇಬಲ್ಲಿನಲ್ಲೂ ಬೇಡದ ವೋಲ್ಟೇಜ್ ಹುಟ್ಟುತ್ತದೆ.

● ಕರಗಿದ ಉಕ್ಕಿನ ಶಾಖ ಸುಮಾರು 1600 ಡಿಗ್ರಿ ಸೆಲ್ಸಿಯಸ್. ಅಷ್ಟು ಶಾಖಕ್ಕೆ ಎಸ್ ಮಾದರಿಯ ಪ್ಲಾಟಿನಂ ಥರ್ಮೋಕಪಲ್ ಕೊಡುವ ವೋಲ್ಟೇಜ್ ಸುಮಾರು 17 ಮಿಲಿವೋಲ್ಟ್, ಅಷ್ಟೇ. ದಾರಿಯಲ್ಲಿ 1 ಮಿಲಿವೋಲ್ಟ್ ಗದ್ದಲ ಸೇರಿಕೊಂಡರೆ ಓದು 80 ಡಿಗ್ರಿಗೂ ಹೆಚ್ಚು ತಪ್ಪುತ್ತದೆ. ಇಂಥ ಸಣ್ಣ ವೋಲ್ಟೇಜನ್ನು ದೂರಕ್ಕೆ ಎಳೆಯಬಾರದು. ಹುಟ್ಟಿದ ಜಾಗದ ಹತ್ತಿರವೇ ಟ್ರಾನ್ಸ್‌ಮಿಟರ್ ಇಟ್ಟು ಗಟ್ಟಿ ಸಂಕೇತವಾಗಿ ಬದಲಿಸಬೇಕು.

● ಸಣ್ಣ ವರ್ಕ್‌ಶಾಪ್‌ಗಳಲ್ಲಿ ದೊಡ್ಡ ತಂಟೆಕೋರ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್. 415 ವೋಲ್ಟ್ ಮೂರು ಫೇಸಿನ ಡ್ರೈವಿನೊಳಗೆ ಸುಮಾರು 587 ವೋಲ್ಟ್ ಡಿಸಿ ಇರುತ್ತದೆ. ಅದನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ.

● ಆ 587 ವೋಲ್ಟ್ 100 ನ್ಯಾನೋಸೆಕೆಂಡಿನಲ್ಲಿ ಏರುತ್ತದೆ ಎನ್ನೋಣ. ಮೋಟಾರ್ ಕೇಬಲ್ ಮತ್ತು ಸೆನ್ಸರ್ ಕೇಬಲ್ ಒಂದೇ ಟ್ರೇಯಲ್ಲಿ ಮಲಗಿ ಅವುಗಳ ನಡುವೆ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದ್ದರೆ ಸಾಕು, ಆ ಕ್ಷಣಕ್ಕೆ ಅರ್ಧ ಆಂಪಿಯರಿಗೂ ಹೆಚ್ಚು ಕರೆಂಟ್ ಸೆನ್ಸರ್ ತಂತಿಗೆ ನುಗ್ಗಬಹುದು. ಎರಡು ಕೇಬಲ್ ಎಲ್ಲೂ ತಾಗಿಕೊಂಡಿರಬೇಕಾಗಿಲ್ಲ.

● ಈ ತೊಂದರೆ ಕಾರ್ಖಾನೆಗಷ್ಟೇ ಸೀಮಿತವಲ್ಲ. ಆರ್.ಟಿ. ನಗರದಂಥ ಕಡೆ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲೂ ನೀರಿನ ಪಂಪಿನಲ್ಲೂ ಈಗ ಇದೇ ಬಗೆಯ ಡ್ರೈವ್ ಇರುತ್ತದೆ. ಓವರ್‌ಹೆಡ್ ಟ್ಯಾಂಕಿನ ಮಟ್ಟ ತೋರಿಸುವ ಸೆನ್ಸರ್ ಲಿಫ್ಟ್ ಓಡುವಾಗ ಮಾತ್ರ ಹುಚ್ಚಾಪಟ್ಟೆ ತೋರಿಸಿದರೆ ಮೊದಲು ನೋಡಬೇಕಾದದ್ದು ಕೇಬಲ್ ಹಾದುಹೋದ ದಾರಿ.

● ಮೋಟಾರನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುವಾಗ ಅದರ ಕಾಯಿಲ್ ನೂರಾರು ವೋಲ್ಟಿನ ಚುಚ್ಚು ಎಬ್ಬಿಸುತ್ತದೆ. ಡಿಸಿ ಕಾಯಿಲಿಗೆ ಒಂದು ಡಯೋಡ್, ಎಸಿ ಕಾಯಿಲಿಗೆ ಒಂದು ಆರ್‌ಸಿ ಸ್ನಬ್ಬರ್ ಹಾಕಿದರೆ ಅದು ಹುಟ್ಟಿದಲ್ಲೇ ಅಡಗುತ್ತದೆ. ಇಡೀ ಪ್ಯಾನೆಲ್ಲಿನಲ್ಲಿ ಇದಕ್ಕಿಂತ ಅಗ್ಗದ ಮದ್ದಿಲ್ಲ.

● ಈ ಚುಚ್ಚುಗಳನ್ನೇ ಅನುಕರಿಸುವ ಪರೀಕ್ಷೆಯೊಂದಿದೆ: ಐಇಸಿ 61000-4-4. ಒಂದೊಂದು ಚುಚ್ಚೂ 5 ನ್ಯಾನೋಸೆಕೆಂಡಿನಲ್ಲಿ ಏರುತ್ತದೆ, ಅದರ ಅಗಲ 50 ನ್ಯಾನೋಸೆಕೆಂಡ್. ಸೆನ್ಸರ್ ಕೊಳ್ಳುವಾಗ ಡೇಟಾಶೀಟಿನಲ್ಲಿ ಈ ಸಂಖ್ಯೆ ಇದೆಯೇ ನೋಡಿ. ಕಾರ್ಖಾನೆಯಲ್ಲಿ ತಡೆದುಕೊಳ್ಳಬೇಕಾದ ಗದ್ದಲದ ಒಟ್ಟು ಮಟ್ಟವನ್ನು ಹೇಳುವುದು ಐಇಸಿ 61000-6-2.

● ಯಶವಂತಪುರದ ರೈಲು ಹಳಿಗಳ ಮೇಲಿನ ತಂತಿಯಲ್ಲಿ 25,000 ವೋಲ್ಟ್, 50 ಹರ್ಟ್ಸ್ ಎಸಿ ಓಡುತ್ತದೆ. ರೈಲು ಎಲ್ಲಿದೆ ಎಂದು ಹಳಿಯ ಮೂಲಕವೇ ಅರಿಯುವ ಸಾಂಪ್ರದಾಯಿಕ ಟ್ರ್ಯಾಕ್ ಸರ್ಕ್ಯೂಟ್ ಇಂಥ ಎಸಿ ಮಾರ್ಗದಲ್ಲಿ ಡಿಸಿ ಬಳಸುತ್ತದೆ. ಡಿಸಿ ಕರೆಂಟಿನಿಂದ ರೈಲು ಓಡುವ ಮಾರ್ಗವಾದರೆ ಎಸಿ ಸಂಕೇತ ಬಳಸುತ್ತಾರೆ. ಸಂಕೇತ ಗದ್ದಲವನ್ನು ಹೋಲಬಾರದು ಎಂಬ ಮೊದಲ ಪಾಠವನ್ನು ರೈಲ್ವೆಯವರು ಕಂಪ್ಯೂಟರ್ ಬರುವ ಮೊದಲೇ ಕಲಿತಿದ್ದರು.

ಹಳೆಯದಾದರೂ ಗಟ್ಟಿ

● ಅಳತೆಯನ್ನು ಕರೆಂಟಾಗಿ ಕಳಿಸುವ 4–20 ಮಿಲಿಆಂಪಿಯರ್ ಲೂಪ್ ಬಳಕೆಗೆ ಬರುವ ಮುನ್ನ ಕಾರ್ಖಾನೆಗಳಲ್ಲಿ ಅಳತೆಯನ್ನು ಹೊತ್ತು ಸಾಗಿಸುತ್ತಿದ್ದದ್ದು ಗಾಳಿ. 3ರಿಂದ 15 ಪಿಎಸ್‌ಐ ಒತ್ತಡವೇ ಸಂಕೇತ. ಕೆಳಗಿನ ಮಿತಿ ಸೊನ್ನೆಯಲ್ಲ ಎಂಬ ಜಾಣ್ಮೆಯೂ ಅಲ್ಲಿಂದಲೇ ಬಂದದ್ದು.

● ಕರೆಂಟ್ ಲೂಪಿನಲ್ಲಿ ಸರಣಿಯ ಎಲ್ಲ ಕಡೆಯೂ ಕರೆಂಟ್ ಒಂದೇ. ತಂತಿ ಉದ್ದವಾಗಿ ವೋಲ್ಟೇಜ್ ಸ್ವಲ್ಪ ಕುಸಿದರೂ ಅಳತೆ ಕೆಡುವುದಿಲ್ಲ. 0–10 ವೋಲ್ಟ್ ಸಂಕೇತಕ್ಕೆ ಈ ಬಲವಿಲ್ಲ.

● 4 ಮಿಲಿಆಂಪಿಯರ್ ಎಂದರೆ ಅಳತೆ ಸೊನ್ನೆ. 0 ಮಿಲಿಆಂಪಿಯರ್ ಎಂದರೆ ತಂತಿ ತುಂಡಾಗಿದೆ. 0–10 ವೋಲ್ಟ್‌ನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಟ್ಯಾಂಕಿನ ತಂತಿ ಕಿತ್ತುಹೋದರೆ ಟ್ಯಾಂಕ್ ಖಾಲಿ ಎಂದುಕೊಂಡು ಪಂಪು ಓಡುತ್ತಲೇ ಇರುತ್ತದೆ.

● ನಾಮೂರ್ ಎನ್‌ಇ 43 ಎಂಬ ಶಿಫಾರಸಿನ ಪ್ರಕಾರ ಸರಿಯಾದ ಅಳತೆ 3.8ರಿಂದ 20.5 ಮಿಲಿಆಂಪಿಯರ್ ಒಳಗಿರಬೇಕು. ಸೆನ್ಸರ್ ಕೆಟ್ಟರೆ ತಾನಾಗಿಯೇ 3.6ಕ್ಕೆ ಇಳಿಯಬೇಕು ಅಥವಾ 21ಕ್ಕೆ ಏರಬೇಕು. ಪಿಎಲ್‌ಸಿ ಬರೆಯುವವರು ಈ ನಾಲ್ಕು ಸಂಖ್ಯೆಗಳನ್ನು ಪ್ರೋಗ್ರಾಮಿಗೆ ಸೇರಿಸಿದರೆ ಸಾಕು, ಯಂತ್ರ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ.

● ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಸಂಸ್ಕರಿಸಿದ ಕೊಳಚೆ ನೀರನ್ನು ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹರಿಸಲೆಂದು ರೂಪಿಸಿದ್ದು. ದಿನಕ್ಕೆ 21 ಕೋಟಿ ಲೀಟರ್ ಅದರ ಗುರಿ. ನೀರೆತ್ತುವ ಭಾರಿ ಮೋಟಾರುಗಳ ಪಕ್ಕದಲ್ಲೇ ಹರಿವನ್ನೂ ಮಟ್ಟವನ್ನೂ ಅಳೆಯಬೇಕಾದ ಇಂಥ ಕೆಲಸಗಳಿಗೆ 4–20 ಮಿಲಿಆಂಪಿಯರ್ ಹೇಳಿ ಮಾಡಿಸಿದ ದಾರಿ.

● ಅದೇ ಎರಡು ತಂತಿಯ ಮೇಲೆ ಡಿಜಿಟಲ್ ಮಾತನ್ನೂ ಸೇರಿಸುವುದು ಹಾರ್ಟ್ ಪ್ರೋಟೊಕಾಲ್. 1980ರ ದಶಕದಲ್ಲಿ ರೋಸ್‌ಮೌಂಟ್ ಕಂಪನಿ ರೂಪಿಸಿದ್ದು. 1200 ಹರ್ಟ್ಸ್ ಎಂದರೆ 1, 2200 ಹರ್ಟ್ಸ್ ಎಂದರೆ 0. ಈ ಅಲೆಯ ಸರಾಸರಿ ಸೊನ್ನೆ, ಆದ್ದರಿಂದ ಮೂಲ ಅಳತೆ ಅಲುಗುವುದಿಲ್ಲ.

ಎರಡು ತಂತಿ, ಒಂದು ಉಪಾಯ

● ಹೆಣೆದ ಜೋಡಿ ತಂತಿಗೆ ಪೇಟೆಂಟ್ ಪಡೆದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್, 1881ರಲ್ಲಿ. ಪ್ರತಿ ಹೆಣಿಗೆಯಲ್ಲೂ ತಂತಿಗಳು ಜಾಗ ಬದಲಿಸುವುದರಿಂದ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ.

● ಜೋಡಿ ತಂತಿಯಲ್ಲಿ ಡಿಜಿಟಲ್ ಸಂದೇಶ ಕಳಿಸುವ ಆರ್‌ಎಸ್-485 ಎಂಬ ಮಾನದಂಡದ ಬಲ ಇರುವುದು ಈ ಸಮಪಾಲಿನಲ್ಲೇ. ಅದು ನೋಡುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಬಿಎಂಟಿಸಿ ಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತಿದರೂ ಇಳಿದರೂ ಒಳಗೆ ನಿಂತ ಇಬ್ಬರ ಎತ್ತರದ ವ್ಯತ್ಯಾಸ ಬದಲಾಗದಂತೆ, ಎರಡೂ ತಂತಿ ಒಟ್ಟಿಗೆ ಏರಿಳಿದರೆ ಸಂದೇಶಕ್ಕೆ ಧಕ್ಕೆಯಿಲ್ಲ.

● ಈ ಮಾನದಂಡ ಹೊರಬಂದದ್ದು 1983ರಲ್ಲಿ. ಕಳಿಸುವವನು ಕನಿಷ್ಠ 1.5 ವೋಲ್ಟ್ ವ್ಯತ್ಯಾಸ ಕೊಡಬೇಕು, ಕೇಳುವವನಿಗೆ 0.2 ವೋಲ್ಟ್ ಸಾಕು. ನಡುವಿನ 1.3 ವೋಲ್ಟ್ ಪೂರ್ತಿ ದಾರಿಯ ನಷ್ಟಕ್ಕೂ ಗದ್ದಲಕ್ಕೂ ಮೀಸಲು.

● ಆದರೆ ಅದಕ್ಕೂ ಒಂದು ಮಿತಿಯಿದೆ. ಎರಡೂ ತಂತಿ ಒಟ್ಟಿಗೆ −7ರಿಂದ +12 ವೋಲ್ಟ್ ಒಳಗಿರಬೇಕು. ಬೇರೆ ಬೇರೆ ಅರ್ಥಿಂಗ್ ಇರುವ ಎರಡು ಶೆಡ್ಡುಗಳ ನಡುವೆ ಈ ಮಿತಿ ಸುಲಭವಾಗಿ ಮೀರುತ್ತದೆ. ಅಲ್ಲಿ ಐಸೊಲೇಟೆಡ್ ಕನ್ವರ್ಟರ್ ಇಲ್ಲದೆ ಕೇಬಲ್ ಎಳೆಯಬಾರದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಕಾರ್ಡುಗಳು ಸಾಲಾಗಿ ಸುಟ್ಟುಹೋಗುವುದಕ್ಕೆ ಇಂಥ ಕೇಬಲ್ಲೂ ಒಂದು ಕಾರಣ.

● ಆರ್‌ಎಸ್-485 ಕೇಬಲ್ಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು. ಇದೆಯೋ ಇಲ್ಲವೋ ತಿಳಿಯಲು ಲ್ಯಾಪ್‌ಟಾಪ್ ಬೇಡ. ಪವರ್ ಆಫ್ ಮಾಡಿ, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಎ ಮತ್ತು ಬಿ ತಂತಿಗಳ ನಡುವೆ ಇಡಿ. ಸುಮಾರು 60 ಬಂದರೆ ಸರಿ. 120 ಬಂದರೆ ಒಂದು ತುದಿಯಲ್ಲಿ ರೆಸಿಸ್ಟರ್ ಇಲ್ಲ. 40 ಬಂದರೆ ಯಾರೋ ಮಧ್ಯದಲ್ಲಿ ಮೂರನೆಯದನ್ನೂ ಸೇರಿಸಿದ್ದಾರೆ.

● ತಂತಿ ಒಂದು ಉಪಕರಣದಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು. ಒಂದೇ ಜಂಕ್ಷನ್ ಬಾಕ್ಸಿನಿಂದ ಎಲ್ಲ ಕಡೆಗೂ ಕವಲೊಡೆದರೆ ಸಂಕೇತ ಪ್ರತಿ ತುದಿಯಲ್ಲೂ ತಿರುಗಿ ಬಂದು ತನ್ನನ್ನೇ ಕೆಡಿಸಿಕೊಳ್ಳುತ್ತದೆ.

● ಎ ಯಾವುದು, ಬಿ ಯಾವುದು ಎಂಬುದರಲ್ಲಿ ತಯಾರಕರಿಗೇ ಒಮ್ಮತವಿಲ್ಲ. ಹೊಸ ಮೀಟರ್ ಉತ್ತರಿಸದಿದ್ದರೆ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಎರಡು ತಂತಿ ಅದಲುಬದಲು ಮಾಡಿ ನೋಡಿ.

ತಪ್ಪನ್ನು ಹಿಡಿಯುವ ಲೆಕ್ಕ

● ಆರ್‌ಎಸ್-485 ತಂತಿಯ ನಿಯಮವಷ್ಟೇ. ಅದರ ಮೇಲೆ ಆಡುವ ಮಾತಿಗೆ ಬೇರೆ ನಿಯಮ ಬೇಕು. ಅವುಗಳಲ್ಲಿ ಬಹುಬಳಕೆಯದು ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ ಮಾಡಿದ್ದು. ಉಪಕರಣಗಳ ವಿಳಾಸ 1ರಿಂದ 247ರವರೆಗೆ.

● ಮಾಡ್‌ಬಸ್ ಆರ್‌ಟಿಯು ಪ್ರತಿ ಸಂದೇಶದ ಕೊನೆಗೆ 16 ಬಿಟ್ಟಿನ ಸಿಆರ್‌ಸಿ ಎಂಬ ತಾಳೆಸಂಖ್ಯೆ ಕಟ್ಟಿ ಕಳಿಸುತ್ತದೆ. ಒಂದರ ಪಕ್ಕ ಒಂದರಂತೆ 16 ಬಿಟ್‌ವರೆಗೆ ಕೆಟ್ಟರೆ ಅದು ಖಂಡಿತ ಹಿಡಿಯುತ್ತದೆ. ಸಂದೇಶ ಸಂಪೂರ್ಣ ಕಲಸಿಹೋದರೂ ತಪ್ಪು ಸರಿಯೆಂದು ನುಸುಳುವ ಸಾಧ್ಯತೆ ಸುಮಾರು 65,536ರಲ್ಲಿ ಒಂದು.

● ಸಿಆರ್‌ಸಿ ಇಲ್ಲದಿದ್ದರೆ ಏನಾಗುತ್ತದೆ? ತೂಕದ ಯಂತ್ರವೊಂದು ತೂಕವನ್ನು ಬರಿಯ ಆಸ್ಕಿ ಅಂಕಿಗಳಾಗಿ ಕಳಿಸುತ್ತದೆ ಎಂದುಕೊಳ್ಳಿ. ಆಸ್ಕಿಯಲ್ಲಿ 1 ಎಂಬ ಅಂಕಿ 0110001, 3 ಎಂಬ ಅಂಕಿ 0110011. ನಡುವೆ ಇರುವ ವ್ಯತ್ಯಾಸ ಒಂದೇ ಬಿಟ್. ಪಕ್ಕದಲ್ಲಿ ವೆಲ್ಡಿಂಗ್ ಶುರುವಾಗಿ ಆ ಒಂದು ಬಿಟ್ ಮಗುಚಿದರೆ 1250 ಕಿಲೋ 3250 ಕಿಲೋ ಆಗುತ್ತದೆ. ಸಂಖ್ಯೆ ಚೊಕ್ಕಟವಾಗಿಯೇ ಕಾಣುತ್ತದೆ, ಬಿಲ್ಲೂ ಅಚ್ಚಾಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

● ವೇಗ ತಗ್ಗಿಸುವುದೂ ರಕ್ಷಣೆಯೇ. 9600 ಬಾಡ್ ವೇಗದಲ್ಲಿ ಒಂದು ಬಿಟ್ಟಿನ ಅವಧಿ 104 ಮೈಕ್ರೋಸೆಕೆಂಡ್. 50 ನ್ಯಾನೋಸೆಕೆಂಡಿನ ಚುಚ್ಚು ಅದರ ಎರಡು ಸಾವಿರದ ಒಂದು ಪಾಲು. ಸೆಕೆಂಡಿಗೆ 1.2 ಕೋಟಿ ಬಿಟ್ ಓಡಿಸುವ ಪ್ರೊಫಿಬಸ್ ಎಂಬ ಪ್ರೋಟೊಕಾಲಿನಲ್ಲಿ ಬಿಟ್ಟಿನ ಅವಧಿ 83 ನ್ಯಾನೋಸೆಕೆಂಡ್. ಅದೇ ಚುಚ್ಚು ಅಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್ ನುಂಗುತ್ತದೆ.

● ಹಾಗಾದರೆ ನಿಧಾನವಾಗುವುದಿಲ್ಲವೇ? 9600 ಬಾಡ್‌ನಲ್ಲೂ ಒಂದು ಸೆನ್ಸರನ್ನು ಕೇಳಿ ಉತ್ತರ ಪಡೆಯಲು ಸುಮಾರು 30 ಮಿಲಿಸೆಕೆಂಡ್ ಸಾಕು. ಸೆಕೆಂಡಿಗೆ ಮೂವತ್ತು ಸೆನ್ಸರ್ ಓದಬಹುದು. ಓವನ್ನಿನ ಶಾಖ, ಟ್ಯಾಂಕಿನ ಮಟ್ಟ, ಕರೆಂಟ್ ಬಳಕೆ ಇವಕ್ಕೆ ಇದು ಧಾರಾಳ.

● ಕ್ಯಾನ್ ಬಸ್ ಎಂಬ ಪ್ರೋಟೊಕಾಲ್ ಬಾಷ್ ಕಂಪನಿಯ ಕೂಸು. ಕೆಲಸ ಶುರುವಾದದ್ದು 1983ರಲ್ಲಿ, ಲೋಕಕ್ಕೆ ಪರಿಚಯವಾದದ್ದು 1986ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಹಿಂದೆ ಮೈಕೋ ಎಂದು ಕರೆಸಿಕೊಳ್ಳುತ್ತಿದ್ದದ್ದು ಆ ಕಂಪನಿಯ ಭಾರತದ ಶಾಖೆಯೇ.

● ಕ್ಯಾನ್‌ನಲ್ಲಿ ಒಂದು ಉಪಕರಣಕ್ಕೆ ತಪ್ಪು ಕಂಡರೂ ಅದು ಕೂಡಲೇ ಸಂದೇಶವನ್ನು ಎಲ್ಲರ ಮುಂದೆ ರದ್ದು ಮಾಡುತ್ತದೆ, ಕಳಿಸಿದವನು ತಾನಾಗಿಯೇ ಮತ್ತೆ ಕಳಿಸುತ್ತಾನೆ. ಪದೇ ಪದೇ ತಪ್ಪುವ ಉಪಕರಣದ ತಪ್ಪಿನ ಲೆಕ್ಕ 255 ದಾಟಿದರೆ ಅದು ತಾನೇ ಬಸ್ಸಿನಿಂದ ಹೊರಗುಳಿಯುತ್ತದೆ. ಕೆಟ್ಟ ಒಬ್ಬನಿಂದ ಉಳಿದವರ ಮಾತು ನಿಲ್ಲುವುದಿಲ್ಲ.

● ಕ್ಯಾನ್‌ನಲ್ಲಿ ವೇಗ ಹೆಚ್ಚಿದಷ್ಟೂ ದೂರ ಕಡಿಮೆ. ಸೆಕೆಂಡಿಗೆ 10 ಲಕ್ಷ ಬಿಟ್ ಬೇಕಾದರೆ ಸುಮಾರು 40 ಮೀಟರ್. 1.25 ಲಕ್ಷಕ್ಕೆ ಇಳಿದರೆ ಸುಮಾರು 500 ಮೀಟರ್.

ಮೇಜಿನ ಮೇಲೆ ಸುಲಭ, ಶೆಡ್ಡಿನಲ್ಲಿ ಕಷ್ಟ

● ಕಾಲೇಜು ಪ್ರಾಜೆಕ್ಟುಗಳಲ್ಲಿ ಎಲ್ಲರೂ ಬಳಸುವ ಐಟೂಸಿ 1980ರ ದಶಕದ ಮೊದಲಲ್ಲಿ ಫಿಲಿಪ್ಸ್ ಕಂಪನಿ ಟಿವಿಯಂಥ ಪೆಟ್ಟಿಗೆಯೊಳಗೆ ಚಿಪ್ಪುಗಳು ಮಾತಾಡಲೆಂದು ಮಾಡಿದ್ದು. ಅದರ ತಂತಿಯ ಕೆಪಾಸಿಟೆನ್ಸ್ ಸಾಮಾನ್ಯವಾಗಿ 400 ಪಿಕೋಫ್ಯಾರಡ್ ಮೀರಬಾರದು. ಕೆಲವೇ ಮೀಟರ್ ಕೇಬಲ್ಲಿಗೆ ಆ ಮಿತಿ ಮುಗಿಯುತ್ತದೆ.

● ಐಟೂಸಿಗೆ ಸಿಆರ್‌ಸಿ ಕಡ್ಡಾಯವಲ್ಲ. ಗದ್ದಲದಿಂದ ಒಂದು ಗಡಿಯಾರ ಬಡಿತ ತಪ್ಪಿದರೆ ಸೆನ್ಸರ್ ಡೇಟಾ ತಂತಿಯನ್ನು ಹಿಡಿದುಕೊಂಡೇ ಕೂರಬಹುದು, ಇಡೀ ಬಸ್ ಸ್ತಬ್ಧವಾಗುತ್ತದೆ. ಒಂಬತ್ತು ಬಡಿತ ಕಳಿಸಿ ಅದನ್ನು ಬಿಡಿಸಿಕೊಳ್ಳುವ ಕ್ರಮವಿದೆ. ಆದರೂ ಐಟೂಸಿ ಬೋರ್ಡಿನೊಳಗೇ ಇರಲಿ, ಬೋರ್ಡಿನಿಂದಾಚೆಗೆ ಆರ್‌ಎಸ್-485 ಅಥವಾ ಕ್ಯಾನ್ ಹೋಗಲಿ.

● ಯಂತ್ರದ ಮೇಲಿನ ಪ್ರಾಕ್ಸಿಮಿಟಿ, ಒತ್ತಡದ ಸೆನ್ಸರುಗಳಿಗೆ ಐಒ-ಲಿಂಕ್ ಇದೆ. 24 ವೋಲ್ಟಿನ ಸಂಕೇತ, ಶೀಲ್ಡ್ ಇಲ್ಲದ ಮಾಮೂಲಿ ಮೂರು ತಂತಿ, 20 ಮೀಟರ್ ದೂರ. ಸಂಕೇತದ ವೋಲ್ಟೇಜ್ ದೊಡ್ಡದಿರುವುದೇ ಇದರ ರಕ್ಷೆ.

● ಗಾಜಿನ ಫೈಬರಿನಲ್ಲಿ ಕಾಂತಕ್ಷೇತ್ರ ಕರೆಂಟ್ ಹುಟ್ಟಿಸಲಾರದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಆರ್ಕ್ ಕುಲುಮೆಯ ಪಕ್ಕಕ್ಕೆ, ಸಬ್‌ಸ್ಟೇಷನ್ನಿಗೆ ಫೈಬರ್ ಎಳೆದರೆ ಅರ್ಥಿಂಗ್ ವ್ಯತ್ಯಾಸ, ಸಿಡಿಲು, ಡ್ರೈವ್ ಮೂರರ ಚಿಂತೆಯೂ ಒಟ್ಟಿಗೆ ಕಳೆಯುತ್ತದೆ.

● ಡ್ರೈವಿನ ಗದ್ದಲ ಹೆಚ್ಚಾಗಿ ಇರುವುದು ಕಿಲೋಹರ್ಟ್ಸ್‌ನಿಂದ ಹತ್ತಾರು ಮೆಗಾಹರ್ಟ್ಸ್‌ವರೆಗೆ. 2.4 ಗಿಗಾಹರ್ಟ್ಸ್ ರೇಡಿಯೊಗೆ ಅದು ಅಷ್ಟಾಗಿ ತಾಕುವುದಿಲ್ಲ. ವೈರ್‌ಲೆಸ್ ಸೆನ್ಸರಿಗೆ ಶೆಡ್ಡಿನಲ್ಲಿ ಹೆಚ್ಚು ಕಾಟ ಕೊಡುವುದು ತಗಡಿನ ಗೋಡೆ, ಕ್ರೇನ್, ವೈಫೈ ಸಂದಣಿ. ವೈರ್‌ಲೆಸ್ ಹಾರ್ಟ್ ಇದಕ್ಕೆಂದೇ 15 ಚಾನೆಲ್‌ಗಳ ನಡುವೆ ಸತತ ಜಿಗಿಯುತ್ತದೆ.

ಅಂಗೈಯಷ್ಟು ಜಾಗದ ಸೋಲು

● ಶೀಲ್ಡ್ ಕೇಬಲ್ಲಿಗೆ ಹಣ ಕೊಟ್ಟು ತುದಿಯಲ್ಲಿ ಅದನ್ನು ಹಾಳುಮಾಡುವುದನ್ನು ಪ್ಯಾನೆಲ್ ಬಾಗಿಲು ತೆರೆದರೆ ಕಾಣಬಹುದು. ಶೀಲ್ಡಿನ ಹೆಣೆದ ಬಲೆಯಾದ ಬ್ರೇಡನ್ನು ಬಿಚ್ಚಿ, ಜಡೆಯಂತೆ ತಿರುಚಿ, ಹಸಿರು ತೋಳು ತೊಡಿಸಿ ದೂರದ ಅರ್ಥ್ ಬಾರಿಗೆ ಎಳೆದಿರುತ್ತಾರೆ. ಒಂದು ಮೀಟರ್ ತಂತಿಯ ಇಂಡಕ್ಟೆನ್ಸ್ ಸುಮಾರು 1 ಮೈಕ್ರೋಹೆನ್ರಿ. 50 ಹರ್ಟ್ಸ್‌ಗೆ ಅದು ಅಡ್ಡಿಯೇ ಅಲ್ಲ, 10 ಮೆಗಾಹರ್ಟ್ಸ್‌ಗೆ ಅದೇ ತಂತಿ ಸುಮಾರು 63 ಓಮ್. ಡ್ರೈವಿನ ಗದ್ದಲ ನೆಲಕ್ಕಿಳಿಯದೆ ಮತ್ತೆ ಸೆನ್ಸರ್ ತಂತಿಗೇ ಹೊರಳುತ್ತದೆ.

● ಸರಿಯಾದ ಕ್ರಮ ಇದಕ್ಕಿಂತ ಸರಳ. ಕೇಬಲ್ಲಿನ ಹೊರಪದರವನ್ನು ಎರಡು ಬೆರಳಗಲ ಸುಲಿದು, ಬ್ರೇಡ್ ಸುತ್ತಲೂ ಲೋಹದ ಕ್ಲ್ಯಾಂಪ್ ಹಿಡಿಸಿ, ಪೇಂಟ್ ಕೆರೆದ ಮೌಂಟಿಂಗ್ ಪ್ಲೇಟಿಗೆ ನೇರವಾಗಿ ಬಿಗಿಯುವುದು. ಕೆಲಸ ಐದು ನಿಮಿಷದ್ದು.

● ಮೋಟಾರ್ ಕೇಬಲ್ಲಿಗೂ ಸಂಕೇತದ ಕೇಬಲ್ಲಿಗೂ ಕನಿಷ್ಠ 20ರಿಂದ 30 ಸೆಂಟಿಮೀಟರ್ ಅಂತರವಿರಲಿ. ದಾಟಲೇಬೇಕಾದರೆ ಅಡ್ಡಲಾಗಿ, ನೇರ ಕೋನದಲ್ಲಿ ದಾಟಲಿ.

● ಈ ಕಲಿಕೆಗೆ ಉತ್ತರ ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1954ರ ಬಿಇಎಲ್ ಜಾಲಹಳ್ಳಿಯಲ್ಲಿದೆ. 1960ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸರ್ ಸಿ.ವಿ. ರಾಮನ್ ರಸ್ತೆಯಲ್ಲಿದೆ. 1962ರಲ್ಲಿ ಸ್ಥಾಪನೆಯಾದ, ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ ತುಮಕೂರು ರಸ್ತೆಯಲ್ಲಿದೆ. ವಿದ್ಯುತ್ ಸಂಶೋಧನಾ ಸಂಸ್ಥೆಯ ಹತ್ತಿರವೇ ಭಾರತೀಯ ವಿಜ್ಞಾನ ಸಂಸ್ಥೆ.

ಆರಿಸುವಾಗ

● ಒಂದೇ ಸೆನ್ಸರ್, ದೂರದ ದಾರಿ: 4–20 ಮಿಲಿಆಂಪಿಯರ್. ಹತ್ತಾರು ಸೆನ್ಸರ್, ನಿಧಾನದ ಅಳತೆ: ಆರ್‌ಎಸ್-485 ಮೇಲೆ ಮಾಡ್‌ಬಸ್ ಆರ್‌ಟಿಯು. ಒಂದೇ ಯಂತ್ರದಲ್ಲಿ ಹಲವು ಕಂಟ್ರೋಲರ್: ಕ್ಯಾನ್. ಯಂತ್ರದ ಮೇಲಿನ ಸಣ್ಣ ಸೆನ್ಸರ್: ಐಒ-ಲಿಂಕ್. ಸರ್ವೋ ವೇಗ ಬೇಕಾದರೆ: ಈಥರ್‌ಕ್ಯಾಟ್ ಅಥವಾ ಪ್ರೊಫಿನೆಟ್‌ನಂಥ ಈಥರ್‌ನೆಟ್ ಪ್ರೋಟೊಕಾಲ್. ಕಟ್ಟಡ ದಾಟಬೇಕಾದರೆ: ಫೈಬರ್.

● ಎಮರ್ಜೆನ್ಸಿ ಸ್ಟಾಪ್ ಈ ಪಟ್ಟಿಯಲ್ಲಿಲ್ಲ. ಅದಕ್ಕೆ ನೇರ ತಂತಿ ಬೇಕು, ಇಲ್ಲವೇ ಪ್ರೊಫಿಸೇಫ್‌ನಂಥ ಸುರಕ್ಷತೆಗೆಂದೇ ರೂಪಿಸಿದ ಪ್ರೋಟೊಕಾಲ್ ಬೇಕು. ಕೆಲಸಗಾರರ ಕೈಬೆರಳನ್ನು ಸಾಧಾರಣ ಮಾಡ್‌ಬಸ್ಸಿಗೆ ಒಪ್ಪಿಸಬಾರದು.

● ಸಂಪರ್ಕ ಕಡಿದ ಮೇಲೂ ಕೊನೆಯ ಅಳತೆಯನ್ನೇ ಪರದೆಯ ಮೇಲೆ ತೋರಿಸುತ್ತಿರುವ ವ್ಯವಸ್ಥೆಗಳು ಎಷ್ಟೋ ಇವೆ. ಓವನ್ 180 ಡಿಗ್ರಿ ಎಂದು ಹೇಳುತ್ತಲೇ 300 ದಾಟಿರಬಹುದು. ಪ್ರತಿ ಸೆನ್ಸರಿಗೂ ಟೈಮ್‌ಔಟ್ ಇಡಿ. ಉತ್ತರ ಬಾರದಿದ್ದರೆ ಸಂಖ್ಯೆ ಮಾಯವಾಗಲಿ, ಅಲಾರಂ ಕೂಗಲಿ.

ಕೊನೆಯ ಮಾತು ಇಷ್ಟೇ. ಗದ್ದಲವಿಲ್ಲದ ಕಾರ್ಖಾನೆ ಇಲ್ಲ, ಎಂದೂ ತಪ್ಪದ ಪ್ರೋಟೊಕಾಲೂ ಇಲ್ಲ. ತಪ್ಪಿದಾಗ ತಪ್ಪಿದ್ದೇನೆಂದು ಹೇಳುವ ಪ್ರೋಟೊಕಾಲನ್ನು ಆರಿಸಿ. ಸುಳ್ಳು ಓದಿಗಿಂತ ಓದೇ ಇಲ್ಲದಿರುವುದು ಮೇಲು. ನಾಳೆ ಕೆಲಸಕ್ಕೆ ಹೋದಾಗ ಯಂತ್ರವನ್ನು ನಿಯಂತ್ರಿಸದೆ ಅಳತೆಯನ್ನು ತೋರಿಸುವುದಷ್ಟೇ ಕೆಲಸವಾದ ಒಂದು ಸೆನ್ಸರ್ ಹುಡುಕಿ, ಸುರಕ್ಷಿತ ಸಮಯ ನೋಡಿ ಅದರ ತಂತಿ ಬಿಚ್ಚಿಸಿ, ಪರದೆ ಏನು ತೋರಿಸುತ್ತದೆ ನೋಡಿ. ಸಂಖ್ಯೆ ಹಾಗೇ ನಿಂತಿದ್ದರೆ ನಿಮ್ಮ ಕೆಲಸ ಅಲ್ಲಿಂದಲೇ ಶುರು.